ಕುಂದಗೋಳದಲ್ಲಿ ಅತ್ತದ್ದು, ನಕ್ಕದ್ದು

ಹಾಡಿನ ಮಾತೇ ತಿಳಿಯದಿದ್ದರೂ ಶಾಸ್ತ್ರೀಯ ಸಂಗೀತಕ್ಕೆ ಅಳು, ನಗು ಹೇಗೆ ಬರುತ್ತದೆ, ಅದೆಲ್ಲ ಸುಮ್ನೆ ತೋರಿಕೆ ಅಲ್ವಾ ಎಂದು ಕೇಳಿದ್ದೀರಿ. ನನಗೆ ಎರಡೂ ಬಂದಿವೆ. ಅದೂ ಒಂದೇ ರಾತ್ರಿ.

ನಾನು ಹುಬ್ಬಳ್ಳಿಯವನು. ಹತ್ತಿರದ ಕುಂದಗೋಳದ ನಾಡಗೀರ ವಾಡೆ ಎಂಬ ಹಳೆಯ ದೊಡ್ಡ ಮನೆಯಲ್ಲಿ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ನೆನಪಿಗೆ ಸಂಗೀತೋತ್ಸವ ನಡೆಯುತ್ತದೆ. ಗಾಯಕಿ ಗಂಗೂಬಾಯಿ ಹಾನಗಲ್ ಇದೇ ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗುತ್ತಿದ್ದ ಊರು ಅದು. ನಾನು ಹೋಗಿದ್ದು ಗೆಳೆಯನ ಒತ್ತಾಯಕ್ಕೆ. ನಿಜ ಹೇಳಬೇಕೆಂದರೆ, ಹೊರಗೆ ಸಿಗುವ ಗಿರ್ಮಿಟ್‌ಗೆ.

ಸಂಜೆ ಮಾರ್ವಾ ರಾಗ ಶುರುವಾಯಿತು. ಈ ರಾಗದಲ್ಲಿ ಪಂಚಮ, ಅಂದರೆ ಪ ಸ್ವರ ಇಲ್ಲ. ಷಡ್ಜ, ಅಂದರೆ ಎಲ್ಲಕ್ಕೂ ಆಧಾರವಾದ ಸಾ ಇದೆ, ಆದರೆ ಹಾಡುವವರು ಅಲ್ಲಿ ನಿಲ್ಲುವುದು ಕಡಿಮೆ. ಹಿಂದೆ ತಂಬೂರಿ ಸಾ ಎನ್ನುತ್ತಲೇ ಇರುತ್ತದೆ. ಇವರು ಮಾತ್ರ ಕೋಮಲ ರಿಷಭ, ಧೈವತ ಅಂತ ಬೇರೆ ಸ್ವರಗಳಲ್ಲೇ ಆಚೀಚೆ ಸುತ್ತುತ್ತಾರೆ. ಮನೆ ಮುಂದೆ ಬಂದೂ ಒಳಗೆ ಹೋಗದೆ ಕಟ್ಟೆ ಮೇಲೆ ಕೂತವರ ಹಾಗೆ. ಅರ್ಧ ತಾಸು ಹೀಗೇ ನಡೆಯಿತು. ಮೊದಲು ಬೇಸರ, ಆಮೇಲೆ ಯಾಕೋ ತಳಮಳ. ಕೊನೆಗೊಮ್ಮೆ ಮೆಲ್ಲಗೆ ಸಾ ಮೇಲೆ ಬಂದು ನಿಂತರು. ಅಷ್ಟೇ. ನನ್ನ ಕಣ್ಣಲ್ಲಿ ನೀರು.

"ಯಾಕೋ ತಮ್ಮಾ, ಗಿರ್ಮಿಟ್ ಖಾರ ಆತೇನು?" ಅಂದರು ಪಕ್ಕದ ಅಜ್ಜ.

ಮಧ್ಯರಾತ್ರಿ ಹೊತ್ತಿಗೆ ಇನ್ನೊಬ್ಬ ಗಾಯಕರು ದ್ರುತ್ ತೀನತಾಲದಲ್ಲಿ, ಅಂದರೆ ವೇಗದ ತಾಳದಲ್ಲಿ ಹಾಡುತ್ತಿದ್ದರು. ತಾಳದ ಒಂದು ಸುತ್ತಿಗೆ ಹದಿನಾರು ಮಾತ್ರೆ, ಅಂದರೆ ಹದಿನಾರು ಎಣಿಕೆ. ಅಜ್ಜ ಬೆರಳಲ್ಲಿ ಎಣಿಸುತ್ತಿದ್ದರು. ಗಾಯಕರು ತಿಹಾಯಿ ಹಿಡಿದರು. ಅಂದರೆ ಒಂದೇ ತುಣುಕು ಮೂರು ಸಲ, ಮೂರನೆಯದರ ಕೊನೆ ಸಮ್ ಮೇಲೆ, ಅಂದರೆ ಸುತ್ತಿನ ಮೊದಲ ಮಾತ್ರೆಯ ಮೇಲೆ ಬೀಳಬೇಕು. ಇವರು ಕೊನೆಯ ಅಕ್ಷರವನ್ನೇ ನುಂಗಿಬಿಟ್ಟರು! ತಬಲಾ ಒಂಟಿಯಾಗಿ ಧಾ ಎಂದಿತು. ಅರೆ ಮಾತ್ರೆ ತಡೆದು, ಏನೂ ಆಗಿಲ್ಲವೆಂಬಂತೆ ಆ ಅಕ್ಷರವನ್ನು ಮೆತ್ತಗೆ ಇಟ್ಟರು. ವಾಡೆ ತುಂಬ ನಗು. ಅಜ್ಜನ ಕೈ ಜೋರಾಗಿ ಬಿದ್ದದ್ದು ನನ್ನ ತೊಡೆ ಮೇಲೆ.

ಎರಡೂ ಕಡೆ ನಮ್ಮನ್ನು ಕಾಯಿಸಿದ್ದೇ ಕೆಲಸ ಮಾಡಿತು ಅಂತ ನನಗನಿಸುತ್ತದೆ. ಮಾತಿನ ಅರ್ಥ ಆಗಲೂ ಗೊತ್ತಿರಲಿಲ್ಲ, ಈಗಲೂ ಇಲ್ಲ.

ನನ್ನದೇನು ಮಹಾ ಬಿಡಿ. ಗದಗಿನ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ರೆಕಾರ್ಡ್ ಕೇಳಿ, 1933ರಲ್ಲಿ ಗುರುವನ್ನು ಹುಡುಕುತ್ತ ಮನೆಯನ್ನೇ ಬಿಟ್ಟು ಓಡಿದ್ದರು. ಆಗ ಅವರಿಗೆ 11 ವರ್ಷ. ಸುತ್ತಿ ಸುತ್ತಿ ಕೊನೆಗೆ ಕಲಿತದ್ದು ಇದೇ ಕುಂದಗೋಳದಲ್ಲಿ.

ಒಂದು ಸಂಜೆ ಫೋನ್ ದೂರ ಇಟ್ಟು ಅರ್ಧ ತಾಸು ಮಾರ್ವಾ ಕೇಳಿ ನೋಡಿ. ನಾನಂತೂ ಈಗ ಕಚೇರಿಗೆ ಹೋದರೆ ಗಿರ್ಮಿಟ್ ಪೊಟ್ಟಣ ಕೈಯಲ್ಲೇ ಹಿಡಿದಿರುತ್ತೇನೆ. ಯಾರಾದರೂ ಕೇಳಿದರೆ ಒಂದು ನೆಪ ಬೇಕಲ್ಲ.