ರಾಣಿ ಇಲ್ಲದ ಬಾಟ್ಲಿ

ಪ್ರಶ್ನೆ: ಏಳನೇ ಕ್ಲಾಸಿನ ಮಗ ವಿಡಿಯೋ ನೋಡಿ ಇರುವೆ ಸಾಕ್ತೀನಿ ಅಂತ ಹಿತ್ತಲಲ್ಲಿ ಗೂಡು ಅಗೆದು, ಒಂದಿನ್ನೂರು ಗೊದ್ದ ಹಿಡಿದು ಹಾರ್ಲಿಕ್ಸ್ ಬಾಟ್ಲಿಗೆ ತುಂಬಿದ್ದ. ಬೆಲ್ಲ, ನೀರು ಎಲ್ಲಾ ಹಾಕಿದ್ವಿ. ಒಂದೂ ಉಳೀಲಿಲ್ಲ, ಹುಡುಗ ಮುಖ ಊದಿಸ್ಕೊಂಡು ಕೂತಿದಾನೆ. ಎಲ್ಲಿ ತಪ್ಪಾಯ್ತು?
– ಸಕಲೇಶಪುರದಿಂದ ಒಬ್ಬ ತಾಯಿ

ಉತ್ತರ: ಗುದ್ದಲಿ ಎತ್ಕೊಂಡಾಗ್ಲೇ ತಪ್ಪಾಯ್ತು ಮೇಡಂ. ಆ ಇನ್ನೂರೂ ಕೆಲಸದವು. ಗೂಡು ಬೆಳೆಸೋಳು ರಾಣಿ, ಅವಳು ಎಲ್ಲೋ ಆಳದಲ್ಲಿ ಕೂತಿರ್ತಾಳೆ, ಅಗೆದ್ರೆ ಸಿಗಲ್ಲ, ಸಿಕ್ಕಿದ್ರೂ ಗುದ್ದಲಿ ಏಟಿಗೆ ಎರಡು ತುಂಡಾಗಿರ್ತಾಳೆ. ಅವಳಿಲ್ಲದ ಬಾಟ್ಲಿಗೆ ಅಚ್ಚುಗಟ್ಲೆ ಬೆಲ್ಲ ಹಾಕಿದ್ರೂ ಇರೋವು ಸತ್ತು ಖಾಲಿ ಆಗುತ್ತೆ ಅಷ್ಟೆ.

ಮುಂಗಾರು ಶುರುವಾಗೋವರೆಗೂ ಕಾಯಿರಿ. ಒಳ್ಳೆ ಮಳೆ ಹೊಡೆದು ಬಿಟ್ಟ ಸಂಜೆ ಗೂಡಿಂದ ರೆಕ್ಕೆ ಇರೋ ಗಂಡು ಹೆಣ್ಣು ಎರಡೂ ಹಾರ್ತವೆ, ಗಂಡಿನ ಕಥೆ ಅಲ್ಲಿಗೆ ಮುಗೀತು, ಹೆಣ್ಣು ಕೆಳಗಿಳಿದು ತನ್ನ ರೆಕ್ಕೆ ತಾನೇ ಕಿತ್ತುಹಾಕಿ ಬಿಲ ಹುಡುಕ್ತಾ ಓಡಾಡುತ್ತೆ, ಆ ಒಂಟಿ ಹೆಣ್ಣೇ ನಿಮಗೆ ಬೇಕಾದ ರಾಣಿ. ಗೊದ್ದದಲ್ಲಿ ದಪ್ಪ ತಲೆ ಇದ್ದಿದ್ದೆಲ್ಲ ರಾಣಿ ಅನ್ಕೋಬೇಡಿ, ಅದು ದೊಡ್ಡ ಸೈಜಿನ ಕೆಲಸದ ಇರುವೆ. ರಾಣಿಗೆ ಬೆನ್ನು ಗೂನು ಥರ ಉಬ್ಬಿರುತ್ತೆ, ಹೊಟ್ಟೆ ತುಂಬಿರುತ್ತೆ, ರೆಕ್ಕೆ ಕಿತ್ತ ಗುರುತು ಪಕ್ಕದಲ್ಲೇ ಕಾಣುತ್ತೆ. ಇನ್ನೊಂದು, ಟ್ಯೂಬ್‌ಲೈಟಿಗೆ ಮುತ್ತೋ ಈಸಲು ಹುಳ ಹಿಡಿದು ತಂದೀರ, ಅದು ಗೆದ್ದಲು! ನಾಲ್ಕೂ ರೆಕ್ಕೆ ಒಂದೇ ಉದ್ದ, ಸೊಂಟವೇ ಇಲ್ಲ. ಇರುವೆಗೆ ಸೊಂಟ ದಾರದ ಹಾಗೆ. ಮನೇಲಿ ಮರದ ಬಾಗಿಲು ಕಿಟಕಿ ಇದ್ರೆ ಈ ವ್ಯತ್ಯಾಸ ಮಗನಿಗೆ ಬಾಯಿಪಾಠ ಮಾಡಿಸಿ.

ಪ್ರಶ್ನೆ: ಮೊನ್ನೆ ಮಳೇಲಿ ಗೊದ್ದದ ರಾಣಿ ಸಿಕ್ತು, ಟೆಸ್ಟ್‌ಟ್ಯೂಬಲ್ಲಿ ಇಟ್ಟಿದೀನಿ. ಜೇನು ಕೊಟ್ರೂ ಮುಟ್ತಿಲ್ಲ. ದಿನಾ ಎಷ್ಟು ಸಲ ಕೊಡ್ಬೇಕು?
– ಅರಸೀಕೆರೆಯ ಡಿಗ್ರಿ ಸ್ಟೂಡೆಂಟ್

ಉತ್ತರ: ಒಂದು ಸಲಾನೂ ಬೇಡ. ಹಾರೋಕೆ ಇದ್ದ ರೆಕ್ಕೆಯ ಮಾಂಸಖಂಡ ಇನ್ಮೇಲೆ ಅವಳಿಗೆ ಉಪಯೋಗ ಇಲ್ವಲ್ಲ, ಅದನ್ನೇ ಕರಗಿಸ್ಕೊಂಡು ಮೊದಲ ಮರಿಗಳನ್ನ ಸಾಕ್ತಾಳೆ. ಟ್ಯೂಬಿನ ಮೂರನೇ ಒಂದು ಭಾಗ ನೀರು, ಅದಕ್ಕೆ ಒತ್ತಿ ಹತ್ತಿ, ಮುಂದೆ ಅವಳು, ಬಾಯಿಗೆ ಇನ್ನೊಂದು ಹತ್ತಿ. ಬಟ್ಟೆ ಬೀರುನಲ್ಲಿ ಕತ್ತಲಲ್ಲಿಟ್ಟು ಮರೆತುಬಿಡಿ. ಈ ಮರೆಯೋದೇ ಕಷ್ಟ. ನಂದು ಮೊದಲ ರಾಣಿ ಕಥೆ ಹೇಳ್ತೀನಿ, ಹಾಸನದ ಮನೇಲಿ ಮೊಬೈಲ್ ಟಾರ್ಚ್ ಹಿಡ್ಕೊಂಡು ರಾತ್ರಿ ಎದ್ದೆದ್ದು ನೋಡ್ತಿದ್ದೆ, ಗಸಗಸೆಗಿಂತ ಸ್ವಲ್ಪ ಉದ್ದದ ಬಿಳಿ ಮೊಟ್ಟೆ ಒಂದು ಆರೇಳು ಇತ್ತು, ಅವಳು ಬಾಯಲ್ಲಿ ಕಚ್ಕೊಂಡು ಆ ಮೂಲೆಗೆ ಈ ಮೂಲೆಗೆ ಓಡೋಳು, ನಾಲ್ಕನೇ ದಿನ ನೋಡಿದ್ರೆ ಒಂದೂ ಇಲ್ಲ. ಹೆದರಿದ ರಾಣಿ ತನ್ನ ಮೊಟ್ಟೆ ತಾನೇ ತಿಂತಾಳೆ, ಅದು ಆಮೇಲೆ ಗೊತ್ತಾಯ್ತು. ವಾರಕ್ಕೊಂದು ಸಲ, ಅರ್ಧ ನಿಮಿಷ, ಸಾಕು.

ಮೊಟ್ಟೆ, ಹುಳ, ಆಮೇಲೆ ಅಕ್ಕಿಕಾಳಿನಂಥ ಕೋಶ, ಹೀಗೆ ಮೊದಲ ಇರುವೆ ಬರೋಕೆ ಒಂದೆರಡು ತಿಂಗಳು ಹಿಡಿಯುತ್ತೆ. ಚಿಕ್ಕಚಿಕ್ಕದಾಗಿ ಹುಟ್ತವೆ, ಗಾಬರಿ ಬೇಡ. ಆಗ ಸೂಜಿ ತುದಿಯಷ್ಟು ಸಕ್ಕರೆ ನೀರು, ಒಂದು ಸೊಳ್ಳೆಯೋ ಜಿರಳೆ ಕಾಲೋ ಕೊಡಿ. ಒಂದು ಇರುವೆ ಕುಡಿದು ಬಂದು ಉಳಿದವುಕ್ಕೆ ಬಾಯಿಗೆ ಬಾಯಿ ಕೊಟ್ಟು ಹಂಚೋದು ಆಗ ಕಾಣುತ್ತೆ, ಬೇಕಾದ್ರೆ ಸಕ್ಕರೆ ನೀರಿಗೆ ಫುಡ್ ಕಲರ್ ಒಂದು ಹನಿ ಹಾಕಿ ನೋಡಿ, ಹೊಟ್ಟೆಗಳೆಲ್ಲ ಬಣ್ಣ ತಿರುಗ್ತವೆ. ಮಿಕ್ಕಿದ್ದು ಮಾರನೇ ದಿನ ತೆಗೀರಿ, ಇಲ್ಲಾಂದ್ರೆ ಬೂಸ್ಟು. ತಾಳ್ಮೆ ಇದ್ರೆ ಸಾಕಿ, ಯಾಕಂದ್ರೆ ಯುರೋಪಿನ ಲೇಸಿಯಸ್ ನೈಜರ್ ಅನ್ನೋ ಇರುವೆಯ ಒಂದು ರಾಣಿ ಸಾಕಿದವರ ಹತ್ರ 28 ವರ್ಷಕ್ಕಿಂತ ಜಾಸ್ತಿ ಬದುಕಿತ್ತು, ನಿಮ್ಮ ಮದುವೆ ಆಗಿ ಮಕ್ಕಳು ಕಾಲೇಜಿಗೆ ಹೋಗೋವರೆಗೆ ಅಂದ್ಕೊಳ್ಳಿ.

ಪ್ರಶ್ನೆ: ತೋಟದಲ್ಲಿ ಬೇಕಾದಷ್ಟು ಚಗಳಿ (ಮರದ ಮೇಲೆ ಎಲೆ ಗೂಡು ಕಟ್ಟೋ ಕೆಂಪಿರುವೆ) ಇದೆ. ಕೊಂಬೆ ಸಮೇತ ಒಂದು ಗೂಡು ಕಡಿದು ಗಾಜಿನ ಪೆಟ್ಟಿಗೇಲಿ ಇಟ್ರೆ?
– ಮೂಡಿಗೆರೆಯ ಕಾಫಿ ಬೆಳೆಗಾರರು

ಉತ್ತರ: ಬೇಡಿ ಸಾರ್. ಒಂದೇ ಕುಟುಂಬ ಹಲವು ಮರದಲ್ಲಿ ಹತ್ತಾರು ಗೂಡು ಕಟ್ಟಿರುತ್ತೆ, ರಾಣಿ ಇರೋದು ಅದರಲ್ಲಿ ಯಾವುದೋ ಒಂದರಲ್ಲಿ. ನಿಮ್ಮ ಕೈಗೆ ಸಿಗೋದು ಸಕಲೇಶಪುರದ ಬಾಟ್ಲಿ ಕಥೇನೇ, ಕಚ್ಚೋದು ಮಾತ್ರ ಎಕ್ಸ್‌ಟ್ರಾ. ಅವುಕ್ಕೆ ಹಸಿ ಎಲೆ ಬೇಕು. ದೊಡ್ಡವು ಮರಿಹುಳನ ಬಾಯಲ್ಲಿ ಹಿಡ್ಕೊಂಡು, ಅದು ಬಿಡೋ ರೇಷ್ಮೆ ಎಳೇಲಿ ಎಲೆಗೆ ಎಲೆ ಹೊಲಿತವೆ, ಪಕ್ಕಾ ಟೈಲರ್ ಥರ. ಅದನ್ನ ಮರದಲ್ಲೇ ನಿಂತು ನೋಡಿ, ಚಗಳಿ ಚಟ್ನಿ ಬೇಕಾದ್ರೆ ಬೇರೆ ಮಾತು.

ಪ್ರಶ್ನೆ: ಡಬ್ಬಿಯಿಂದ ಹೊರಗೆ ಬರದ ಹಾಗೆ ಏನು ಮಾಡೋದು? ಅತ್ತೆ ಇರುವೆ ಸೀಮೆಸುಣ್ಣ ಗೀಚಿ ಅಂತಾರೆ.
– ಕೊಪ್ಪದ ಗೃಹಿಣಿ

ಉತ್ತರ: ಸೀಮೆಸುಣ್ಣ ವಿಷ ಕಣ್ರೀ, ಸಾಕಿದವೂ ಸಾಯ್ತವೆ! ಟಾಲ್ಕಂ ಪೌಡರ್‌ನ ಸ್ಯಾನಿಟೈಸರ್‌ನಲ್ಲಿ ಕಲಸಿ ಡಬ್ಬಿ ಅಂಚಿನ ಒಳಗಡೆ ಬಳೀರಿ, ಒಣಗಿದ್ಮೇಲೆ ಕಾಲು ಜಾರುತ್ತೆ. ನಿಮ್ಮ ಕಡೆ ಆಷಾಢದ ತೇವಕ್ಕೆ ಅದು ಗಂಟು ಕಟ್ಟುತ್ತೆ, ಆಗಾಗ ಮತ್ತೆ ಬಳೀಬೇಕು, ಮುಚ್ಚಳಾನೂ ಇರ್ಲಿ.

ಪ್ರಶ್ನೆ: ಫಾರಿನ್ ರಾಣಿ ತರಿಸ್ಬಹುದಾ?
– ಕಡೂರಿನ ಓದುಗರು

ಉತ್ತರ: ಬೇಡವೇ ಬೇಡ. 2025ರಲ್ಲಿ ಕೀನ್ಯಾದಲ್ಲಿ ಬೆಲ್ಜಿಯಂನ ಇಬ್ಬರು ಹುಡುಗರು ಸುಮಾರು 5,000 ರಾಣಿ ಇರುವೆ ಹತ್ತಿ ಹಾಕಿದ ಟ್ಯೂಬಲ್ಲಿ ತುಂಬ್ಕೊಂಡು ಸಿಕ್ಕಿಬಿದ್ದು, ತಲಾ 10 ಲಕ್ಷ ಶಿಲ್ಲಿಂಗ್ ದಂಡ ಕಟ್ಟಿ ಇಲ್ಲಾ ಜೈಲಿಗೆ ಹೋಗಿ ಅಂತ ಶಿಕ್ಷೆ ಆಯ್ತು. ಇಲ್ಲೂ ಭದ್ರಾ ಅಭಯಾರಣ್ಯದ ಒಳಗಿಂದ ಏನನ್ನೂ ಎತ್ಕೊಂಡು ಬರಬೇಡಿ. ಹೊರಗಿನ ಜಾತಿ ಒಂದು ತಪ್ಪಿಸ್ಕೊಂಡ್ರೆ ತೋಟಕ್ಕೆ ಏನು ಮಾಡುತ್ತೋ ಯಾರು ನೋಡಿದಾರೆ, ನಿಮ್ಮ ಬೀದಿದೀಪದ ಕೆಳಗೇ ಮಳೆಗಾಲದಲ್ಲಿ ರಾಣಿಯರು ಪುಕ್ಕಟೆ ಓಡಾಡ್ತಿರ್ತಾರೆ.