ಹೊಸ ತೊಟ್ಟಿಯಲ್ಲಿ ನೈಟ್ರೈಟ್ ಇಳಿಯದೆ ನಿಂತಿದ್ದರೆ ಏನು ನೋಡಬೇಕು

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ನೂರು ಲೀಟರಿನ ಹೊಸ ತೊಟ್ಟಿಯಲ್ಲಿ ಮೀನು ಬಿಡದೆ, ದಿನವೂ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಅಮೋನಿಯಾ ಆಗುವಷ್ಟು ಅಮೋನಿಯಂ ಕ್ಲೋರೈಡ್ ಹಾಕುತ್ತ ಸೈಕ್ಲಿಂಗ್, ಅಂದರೆ ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾಗಳನ್ನು ಬೆಳೆಸುವ ಕೆಲಸ, ನಡೆಸಿದ್ದೀರಿ. ನೈಟ್ರೈಟ್ ಪರೀಕ್ಷೆಯ ಗಾಢ ನೇರಳೆ ಬಣ್ಣ ಎರಡು ವಾರಗಳಿಂದ ಬದಲಾಗಿಲ್ಲ, ನೈಟ್ರೇಟ್ 80 ಎಂದು ಬರುತ್ತಿದೆ, ಪಿಎಚ್ 7.4ರಿಂದ 6.3ಕ್ಕೆ ಇಳಿದಿದೆ, ಮೊದಲು ಒಂದೇ ದಿನದಲ್ಲಿ ಸೊನ್ನೆಯಾಗುತ್ತಿದ್ದ ಅಮೋನಿಯಾ ಈಗ ಎರಡು ದಿನ ತೆಗೆದುಕೊಳ್ಳುತ್ತಿದೆ. ನೀರೆಲ್ಲ ಚೆಲ್ಲಿ ಫಿಲ್ಟರ್ ತೊಳೆದು ಮೊದಲಿನಿಂದ ಆರಂಭಿಸಿ ಎಂದು ಒಬ್ಬರು, ಬಾಟಲಿಯ ಬ್ಯಾಕ್ಟೀರಿಯಾ ತಂದು ಸುರಿಯಿರಿ ಎಂದು ಇನ್ನೊಬ್ಬರು ಸಲಹೆ ನೀಡಿದ್ದಾರೆ. ಸದ್ಯಕ್ಕೆ ಎರಡೂ ಬೇಡ.

ನಿಮ್ಮ ವಿವರಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ನೈಟ್ರೈಟ್ ಬಣ್ಣವಲ್ಲ, ಪಿಎಚ್ ಇಳಿದಿರುವುದು ಮತ್ತು ಅದರ ಜೊತೆಗೇ ಅಮೋನಿಯಾ ನಿಧಾನವಾಗಿರುವುದು. ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟಾಗಿ ಬದಲಿಸುವಾಗ ಆಮ್ಲ ಹುಟ್ಟುತ್ತದೆ, ಆ ಆಮ್ಲವನ್ನು ನೀರಿನಲ್ಲಿರುವ ಬೈಕಾರ್ಬನೇಟ್, ಅಂದರೆ ನಾವು ಕೆಎಚ್ ಎಂದು ಅಳೆಯುವ ಅಂಶ, ಹೀರಿಕೊಳ್ಳುತ್ತದೆ. ಒಂದು ಪಿಪಿಎಂ ಅಮೋನಿಯಾ ಪೂರ್ತಿ ಬದಲಾಗಲು ಸುಮಾರು 6 ಪಿಪಿಎಂ ಕೆಎಚ್ ಖರ್ಚಾಗುತ್ತದೆ. ದಿನಕ್ಕೆ 2 ಪಿಪಿಎಂ ಹಾಕಿದರೆ 12, ವಾರಕ್ಕೆ 84; ಒಂದು ಡಿಗ್ರಿ ಕೆಎಚ್ ಎಂದರೆ 17.9 ಪಿಪಿಎಂ ಆದ್ದರಿಂದ, 5 ಡಿಗ್ರಿ ಇದ್ದ ನೀರು ವಾರ ಕಳೆಯುವಷ್ಟರಲ್ಲಿ ಬಹುತೇಕ ಖಾಲಿಯಾಗುತ್ತದೆ. ಆಮೇಲೆ ಪಿಎಚ್ ಜಾರುತ್ತದೆ, 6.5ರ ಕೆಳಗೆ ಈ ಬ್ಯಾಕ್ಟೀರಿಯಾಗಳ ಕೆಲಸ ಮಂದವಾಗಿ, 6ರ ಹತ್ತಿರ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಹಾಗಾಗಿ ಮೊದಲು ಕೆಎಚ್ ಅಳೆಯಿರಿ, ತೊಟ್ಟಿಯದನ್ನೂ ನಲ್ಲಿಯದನ್ನೂ. ತೊಟ್ಟಿಯ ನೀರಿನ ಬಣ್ಣ ಕೆಎಚ್ ಕಿಟ್‌ನ ಒಂದೇ ಹನಿಗೆ ತಿರುಗಿದರೆ, ಅಂದರೆ ಕೆಎಚ್ ಬಹುತೇಕ ಮುಗಿದಿದ್ದರೆ, ಕಾರಣ ಸಿಕ್ಕಿತು ಎಂದೇ ತಿಳಿಯಬಹುದು.

ಇನ್ನು ನೇರಳೆ ಬಣ್ಣದ ವಿಷಯ. ನೈಟ್ರೈಟ್ ಅಣು ಅಮೋನಿಯಾಕ್ಕಿಂತ ಭಾರವಾದುದರಿಂದ 1 ಪಿಪಿಎಂ ಅಮೋನಿಯಾ 2.7 ಪಿಪಿಎಂ ನೈಟ್ರೈಟಾಗುತ್ತದೆ. ಎರಡು ವಾರ ದಿನವೂ 2 ಪಿಪಿಎಂ ಹಾಕಿದ್ದರೆ ಒಟ್ಟು 28, ಅದರಿಂದ ಆಗುವ ನೈಟ್ರೈಟ್ ಸುಮಾರು 75. ಸಾಮಾನ್ಯ ಕಿಟ್‌ನ ಬಣ್ಣದ ಪಟ್ಟಿ 5 ಪಿಪಿಎಂಗೆ ಮುಗಿಯುತ್ತದೆ. ನಿಮ್ಮ ನೀರಿನಲ್ಲಿ 75 ಇದ್ದದ್ದು 30ಕ್ಕೆ ಇಳಿದಿದ್ದರೂ ಕೊಳವೆ ಮಾತ್ರ ಅದೇ ನೇರಳೆಯನ್ನು ತೋರಿಸುತ್ತಿರುತ್ತದೆ. ಅಂದರೆ ಏನೂ ನಡೆಯುತ್ತಿಲ್ಲ ಎಂದು ಹೇಳಲು ನಿಮ್ಮ ಬಳಿ ಆಧಾರವೇ ಇಲ್ಲ. ಸೂಜಿಯಿಲ್ಲದ ಸಿರಿಂಜಿನಲ್ಲಿ 1 ಮಿಲಿ ತೊಟ್ಟಿಯ ನೀರು, 9 ಮಿಲಿ ಡಿಸ್ಟಿಲ್ಡ್ ನೀರು ಬೆರೆಸಿ, ಅದರಲ್ಲಿ 5 ಮಿಲಿ ತೆಗೆದು ಪರೀಕ್ಷಿಸಿ, ಬಂದ ಅಂಕಿಯನ್ನು ಹತ್ತರಿಂದ ಗುಣಿಸಿ. ಆಗಲೂ ಬಣ್ಣ ಪಟ್ಟಿಯ ಕೊನೆಗೇ ನಿಂತರೆ, ಬೆರೆಸಿದ ನೀರನ್ನೇ ಇನ್ನೊಮ್ಮೆ ಅರ್ಧಕ್ಕೆ ತೆಳುಮಾಡಿ ಇಪ್ಪತ್ತರಿಂದ ಗುಣಿಸಬಹುದು.

ನೈಟ್ರೇಟ್ 80 ಎಂಬ ಅಂಕಿಯನ್ನು ಈಗ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಮನೆಯಲ್ಲಿ ಬಳಸುವ ನೈಟ್ರೇಟ್ ಪರೀಕ್ಷೆ ನೈಟ್ರೇಟನ್ನು ಮೊದಲು ನೈಟ್ರೈಟಾಗಿ ಬದಲಿಸಿ, ಆ ನೈಟ್ರೈಟಿಗೆ ಬಣ್ಣ ಬರಿಸುತ್ತದೆ. ನೀರಿನಲ್ಲಿ ಮೊದಲೇ ನೈಟ್ರೈಟ್ ತುಂಬಿದ್ದರೆ ಅದೂ ಸೇರಿಕೊಂಡು ಬಣ್ಣ ಕೊಡುತ್ತದೆ. ನೈಟ್ರೈಟ್ ಸೊನ್ನೆಗೆ ಬಂದ ಮೇಲಷ್ಟೇ ಈ ಪರೀಕ್ಷೆಗೆ ಅರ್ಥ. ಆಗಲೂ ಕಿಟ್‌ನ ಎರಡನೆಯ ಬಾಟಲಿಯನ್ನು ಅರ್ಧ ನಿಮಿಷ ಜೋರಾಗಿ ಕುಲುಕಬೇಕು, ಹನಿ ಹಾಕಿದ ಮೇಲೆ ಕೊಳವೆಯನ್ನು ಪೂರ್ತಿ ಒಂದು ನಿಮಿಷ ಕುಲುಕಬೇಕು. ಅದರಲ್ಲಿರುವ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತಿದ್ದರೆ ಅಂಕಿ ಕಡಿಮೆ ಬರುತ್ತದೆ. ಕಿಟ್ ಸರಿಯಿಲ್ಲ ಎಂದು ಗುಂಪಿನಲ್ಲಿ ಬರುವ ದೂರುಗಳಲ್ಲಿ ಅನೇಕವು ಕುಲುಕದ ಬಾಟಲಿಯ ಫಲವೇ ಇರಬೇಕು ಎಂಬುದು ನನ್ನ ಅನುಮಾನ.

ಮಾಡಬೇಕಾದ ಕೆಲಸ ಸರಳವಾಗಿದೆ. ನೀರು ಬದಲಿಸಿ ಮುಗಿಯುವವರೆಗೆ ಅಮೋನಿಯಾ ಹಾಕುವುದನ್ನು ನಿಲ್ಲಿಸಿ. ಕ್ಲೋರಿನ್ ತೆಗೆದ, ಹೆಚ್ಚುಕಡಿಮೆ ಅದೇ ಉಷ್ಣತೆಯ ನೀರಿನಿಂದ ಶೇಕಡ 70ರಷ್ಟು ನೀರು ಬದಲಿಸಿ, ಮರುದಿನ ಇನ್ನೊಮ್ಮೆ ಅಷ್ಟೇ ಬದಲಿಸಿ. 75 ಇದ್ದ ನೈಟ್ರೈಟ್ 7ರ ಆಸುಪಾಸಿಗೆ ಬರುತ್ತದೆ, ಹೊಸ ನೀರಿನ ಜೊತೆ ಕೆಎಚ್ ಕೂಡ ಮರಳುತ್ತದೆ. ನೀರು ಬದಲಿಸಿದರೆ ಬ್ಯಾಕ್ಟೀರಿಯಾ ಹೋಗಿಬಿಡುತ್ತದೆ ಎಂಬ ಭಯ ಬೇಡ, ಅವು ನೀರಿನಲ್ಲಿ ತೇಲುವುದಕ್ಕಿಂತ ಹೆಚ್ಚಾಗಿ ಫಿಲ್ಟರಿನ ಸ್ಪಾಂಜ್, ಜಲ್ಲಿ, ಗಾಜುಗಳ ಮೇಲೆ ಲೋಳೆಯ ಪದರವಾಗಿ ಅಂಟಿಕೊಂಡಿರುತ್ತವೆ. ಫಿಲ್ಟರನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬಾರದು ಎನ್ನುವುದೂ ಅದಕ್ಕಾಗಿಯೇ. ಹರಿವು ಕಟ್ಟಿದ್ದರೆ ತೊಟ್ಟಿಯಿಂದ ತೆಗೆದ ನೀರಿನಲ್ಲಿ ಸ್ಪಾಂಜನ್ನು ಒಮ್ಮೆ ಹಿಂಡಿದರೆ ಸಾಕು. ನಲ್ಲಿಯ ನೀರೇ ಮೆದುವಾಗಿದ್ದು ಕೆಎಚ್ 3 ಡಿಗ್ರಿಯೂ ಇಲ್ಲದಿದ್ದರೆ ಶುದ್ಧ ಸೋಡಿಯಂ ಬೈಕಾರ್ಬನೇಟ್ ಬಳಸಿ: ನೂರು ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್ ಒಂದು ಡಿಗ್ರಿ ಏರುತ್ತದೆ. ಮೀನಿಲ್ಲದ ನಿಮ್ಮ ತೊಟ್ಟಿಯಲ್ಲಿ ಇದನ್ನು ಒಮ್ಮೆಲೇ ಹಾಕಬಹುದು. ಮೀನಿರುವ ತೊಟ್ಟಿಯವರು ಇದನ್ನು ಓದಿ ಹಾಗೆಯೇ ಮಾಡಬಾರದು, ಏಕೆಂದರೆ ಬೈಕಾರ್ಬನೇಟ್ ಪಿಎಚ್ ಅನ್ನೂ ಏರಿಸುತ್ತದೆ: ಪಿಎಚ್ 7ರಲ್ಲಿ ಒಟ್ಟು ಅಮೋನಿಯಾದ ನೂರನೆಯ ಒಂದು ಪಾಲೂ ವಿಷಕಾರಿ ರೂಪದಲ್ಲಿರುವುದಿಲ್ಲ, 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 8ಕ್ಕೆ ಏರಿದರೆ ಅದು ಶೇಕಡ 5ನ್ನು ದಾಟುತ್ತದೆ.

ಬಾಟಲಿಯ ಬ್ಯಾಕ್ಟೀರಿಯಾದ ಬಗ್ಗೆ ಒಂದು ಮಾತು. ಸಿಹಿನೀರಿನ ತೊಟ್ಟಿಗಳಲ್ಲಿ ನೈಟ್ರೈಟನ್ನು ತಿನ್ನುವುದು ಹಳೆಯ ಪುಸ್ತಕಗಳು ಹೇಳುವ ನೈಟ್ರೊಬ್ಯಾಕ್ಟರ್ ಅಲ್ಲ, ಮುಖ್ಯವಾಗಿ ನೈಟ್ರೊಸ್ಪೈರಾ ಎಂಬುದು 1998ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. ಅದೇ ಕುಲದ ಕೆಲವು ಅಮೋನಿಯಾವನ್ನು ನೇರವಾಗಿ ನೈಟ್ರೇಟಿನವರೆಗೆ ಒಯ್ಯಬಲ್ಲವು ಎಂಬುದು 2015ರಲ್ಲಿ. ಒಳ್ಳೆಯ ಬಾಟಲಿ ಸಹಾಯ ಮಾಡುವುದುಂಟು, ಆದರೆ ಕೆಎಚ್ ಖಾಲಿಯಾದ ನೀರಿನಲ್ಲಿ ಯಾವುದನ್ನು ಸುರಿದರೂ ಅದೇ ಗತಿ. ಚೆನ್ನಾಗಿ ನಡೆಯುತ್ತಿರುವ, ರೋಗವಿಲ್ಲದ ತೊಟ್ಟಿಯಿಂದ ಸ್ಪಾಂಜಿನ ತುಂಡು ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ.

ನೀರು ಬದಲಿಸಿದ ಮೇಲೆ ಏರ್ ಪಂಪ್ ಜೋರಾಗಿ ಓಡಲಿ, ಉಷ್ಣತೆ 27ರ ಸುತ್ತ ಇರಲಿ. ಈ ಕ್ರಿಯೆ ಆಮ್ಲಜನಕವನ್ನು ಬಹಳ ಬೇಡುತ್ತದೆ. ನೈಟ್ರೈಟ್ 1ಕ್ಕಿಂತ ಕೆಳಗೆ ಬರುವವರೆಗೆ ಮೂರು ದಿನಕ್ಕೊಮ್ಮೆ 1 ಪಿಪಿಎಂ ಅಮೋನಿಯಾ ಸಾಕು, ನಿಮ್ಮ ತೊಟ್ಟಿಗೆ ಅದು 0.3 ಗ್ರಾಂ ಅಮೋನಿಯಂ ಕ್ಲೋರೈಡ್ ಆಗುತ್ತದೆ. ಬಣ್ಣವನ್ನು ಹಗಲಿನ ಬೆಳಕಿನಲ್ಲಿ, ಬಿಳಿ ಹಾಳೆಗೆ ಕೊಳವೆ ತಾಗಿಸಿ ನೋಡಿ. ಅಮೋನಿಯಾ ಸೊನ್ನೆಯೋ 0.25ವೋ ಎಂಬ ಗೊಂದಲ ಬಂದರೆ ಇನ್ನೊಂದು ಕೊಳವೆಯಲ್ಲಿ ಡಿಸ್ಟಿಲ್ಡ್ ನೀರಿಗೆ ಅಷ್ಟೇ ಹನಿ ಹಾಕಿ ಪಕ್ಕದಲ್ಲಿ ಹಿಡಿಯಿರಿ. ಎರಡೂ ಒಂದೇ ಹಳದಿಯಾಗಿದ್ದರೆ ಸೊನ್ನೆ.

ಕೊನೆಗೆ 2 ಪಿಪಿಎಂ ಹಾಕಿ, ಇಪ್ಪತ್ತನಾಲ್ಕು ಗಂಟೆಯ ನಂತರ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರಬೇಕು, ಮರುದಿನವೂ ಹಾಗೆಯೇ ಬರಬೇಕು. ಅನಂತರ ನೈಟ್ರೇಟ್ 20ಕ್ಕಿಂತ ಕೆಳಗೆ ಇಳಿಯುವಷ್ಟು ನೀರು ಬದಲಿಸಿ ಮೀನು ಬಿಡಬಹುದು. ಮೀನು ಬರುವುದು ತಡವಾದರೆ ಆ 1 ಪಿಪಿಎಂ ಕ್ರಮವನ್ನು ಮುಂದುವರಿಸಿ. ಸದ್ಯಕ್ಕೆ ತೊಟ್ಟಿಯ ಮತ್ತು ನಲ್ಲಿಯ ಕೆಎಚ್, ತೆಳುಮಾಡಿ ಪರೀಕ್ಷಿಸಿದ ನೈಟ್ರೈಟ್, ಈ ಮೂರು ಅಂಕಿಗಳನ್ನು ಇಲ್ಲಿ ಹಾಕಿದರೆ ಬೈಕಾರ್ಬನೇಟ್ ಬೇಕೋ ಬೇಡವೋ ಎಂದು ಖಚಿತವಾಗಿ ಹೇಳಬಹುದು.