ಓದುಗರ ಪ್ರಶ್ನೆ: ಹಳೆಯ ಕೊಡಲಿಯ ಗುರುತು, ಹದ ಮತ್ತು ಕಾವು

ಪ್ರಶ್ನೆ: ನಮ್ಮ ಕಾಫಿ ತೋಟದ ಹಳೆಯ ಗೋದಾಮಿನಲ್ಲಿ ಕಾವು (ಮರದ ಹಿಡಿ) ಇಲ್ಲದ ಕೊಡಲಿಯೊಂದು ಸಿಕ್ಕಿದೆ. ತುಕ್ಕಿನ ನಡುವೆ ‘ಎಲ್‌ವೆಲ್’ ಎಂಬ ಇಂಗ್ಲಿಷ್ ಅಕ್ಷರಗಳು, ಒಂದು ಬಾಣದ ಗುರುತು ಮತ್ತು 1943 ಎಂಬ ಅಂಕಿ ಮಸುಕಾಗಿ ಕಾಣುತ್ತಿವೆ. ಇದು ಎಲ್ಲಿಯದು? ಗ್ರೈಂಡರಿನಿಂದ ಉಜ್ಜಿ ಹೊಳಪು ತರಿಸಬಹುದೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ದಯವಿಟ್ಟು ಗ್ರೈಂಡರ್ ಮುಟ್ಟಿಸಬೇಡಿ. ಎಲ್‌ವೆಲ್ ಎಂಬುದು ಇಂಗ್ಲೆಂಡಿನ ವೆಡ್ನೆಸ್‌ಬರಿ ಊರಿನಲ್ಲಿದ್ದ, ಕೊಡಲಿ ಮತ್ತು ಗುದ್ದಲಿಗಳಿಗೆ ಹೆಸರಾದ ಕಾರ್ಖಾನೆ. ಮೂರು ಗೀಟುಗಳು ಒಂದು ತುದಿಯಲ್ಲಿ ಕೂಡುವ ಆ ಬಾಣ ಬ್ರಿಟಿಷ್ ಸರ್ಕಾರದ ಸೊತ್ತಿಗೆ ಹಾಕುತ್ತಿದ್ದ ಮುದ್ರೆ. ಪಕ್ಕದಲ್ಲಿ 1943 ಎಂದಿರುವುದರಿಂದ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರಿ ಬಳಕೆಗಾಗಿ ತಯಾರಾದ ಕೊಡಲಿ ಇದೆಂದು ತಿಳಿಯಬಹುದು. ಅದು ತೋಟಕ್ಕೆ ಬಂದ ಬಗೆಯನ್ನು ಮನೆಯ ಹಿರಿಯರಿಂದ ಕೇಳಿ, ಈಗಲೇ ಬರೆದಿಟ್ಟುಕೊಳ್ಳಿ.

ಹಳೆಯ ಕೊಡಲಿಯಲ್ಲಿ ಒಮ್ಮೆ ಹೋದರೆ ಮರಳಿ ಬಾರದವು ಎರಡು: ಮೈಮೇಲಿನ ಮುದ್ರೆ ಮತ್ತು ಉಕ್ಕಿನ ಹದ, ಅಂದರೆ ಕಾಯಿಸಿ ತಣಿಸಿ ಬರಿಸಿದ ಗಡಸುತನ. ತುಕ್ಕು, ಮೊಂಡಾದ ಬಾಯಿ, ಮುರಿದ ಕಾವು ಇವೆಲ್ಲವನ್ನೂ ನಿಧಾನವಾಗಿ ಸರಿಪಡಿಸಬಹುದು. ಆದರೆ ಆಳವಿಲ್ಲದೆ ಒತ್ತಿದ ಅಕ್ಷರಗಳನ್ನು ಗ್ರೈಂಡರಿನ ಕಲ್ಲು ಅರೆ ನಿಮಿಷದಲ್ಲಿ ಅಳಿಸಿಹಾಕುತ್ತದೆ. ಆದ್ದರಿಂದ ಮೊದಲು ಸೀಮೆಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಮರುದಿನ ಹಿತ್ತಾಳೆ ತಂತಿಯ ಬ್ರಷ್ಷಿನಿಂದ ಉಜ್ಜಿ. ಅಷ್ಟಕ್ಕೂ ಬಿಡದ ತುಕ್ಕಿಗೆ ಅಂಗಡಿಯಲ್ಲಿ ಸಿಗುವ ಬಿಳಿ ವಿನೆಗರ್ ಸಾಕು. ಅದರಲ್ಲಿ ಕೊಡಲಿಯನ್ನು ಪೂರ್ತಿ ಮುಳುಗಿಸಿ, ಕೆಲವು ಗಂಟೆಗಳಿಗೊಮ್ಮೆ ತೆಗೆದು ನೋಡುತ್ತಿರಿ. ಒಂದು ದಿನಕ್ಕಿಂತ ಹೆಚ್ಚು ಬಿಟ್ಟರೆ ಆಮ್ಲವು ಒಳ್ಳೆಯ ಲೋಹವನ್ನೂ ತಿನ್ನತೊಡಗುತ್ತದೆ. ಬಳಿಕ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಕೂಡಲೇ ಒರೆಸಿ ಒಣಗಿಸಿ, ಎಣ್ಣೆ ಸವರಿ. ಉಳಿಯುವ ಕಪ್ಪು ಛಾಯೆಯನ್ನು ತೆಗೆಯಬೇಕಾಗಿಲ್ಲ. ಕನ್ನಡಿಯಂತೆ ಹೊಳೆಯುವ ಹಳೆಯ ಕೊಡಲಿಗಿಂತ ಆ ಕಪ್ಪು ಮೈಯೇ ಚಂದ ಎಂಬುದು ನನ್ನ ಖಚಿತ ಅಭಿಪ್ರಾಯ. ಅಕ್ಷರಗಳನ್ನು ಓದಲು ಸೀಮೆಸುಣ್ಣದ ಪುಡಿ ಸವರಿ, ಪಕ್ಕದಿಂದ ಓರೆಯಾಗಿ ಟಾರ್ಚ್ ಹಿಡಿಯಿರಿ.

ಬಳಕೆಗೆ ತರುವ ಮುನ್ನ ಬಿರುಕುಗಳನ್ನು ಹುಡುಕಲೇಬೇಕು. ಕಾವು ಕೂರುವ ತೂತಿನ ಸುತ್ತ ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದರೆ, ಬಿರುಕಿನೊಳಗೆ ಇಳಿದ ಎಣ್ಣೆ ಮೇಲೆ ಬಂದು ಬಿಳಿಯ ಪುಡಿಯಲ್ಲಿ ಕಪ್ಪು ಗೆರೆ ಮೂಡುತ್ತದೆ. ಅಂಥ ಗೆರೆ ಕಂಡರೆ ಕೊಡಲಿಯನ್ನು ಗೋಡೆಗೆ ನೇತುಹಾಕಿ, ಕೆಲಸಕ್ಕೆ ಹಚ್ಚಬೇಡಿ.

ಪ್ರಶ್ನೆ: ನಾನು ಶಿವಮೊಗ್ಗದವನು, ಈಗ ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿನ ಹಳೆ ಸಾಮಾನುಗಳ ಸಂತೆಯಲ್ಲಿ ಕಾಲಿನ್ಸ್, ಕೆಲ್ಲಿ ಮತ್ತು ಸ್ವೀಡನ್ನಿನ ಕೊಡಲಿಗಳು ಸಿಗುತ್ತವೆ. ಅವುಗಳ ವಯಸ್ಸನ್ನು ಹೇಗೆ ಅಂದಾಜು ಮಾಡುವುದು?
– ಓದುಗರೊಬ್ಬರು, ಅಮೆರಿಕ

ಉತ್ತರ: ಕಾಲಿನ್ಸ್ ಕಂಪನಿ 1826ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಆರಂಭವಾಯಿತು, ಅದು ಬೆಳೆಸಿದ ಊರಿಗೆ ಕಾಲಿನ್ಸ್‌ವಿಲ್ ಎಂಬ ಹೆಸರೇ ಬಂತು. ಇದರ ಸರಕನ್ನು ನಕಲು ಮಾಡುವವರು ಹೆಚ್ಚಾದಾಗ, ಕಿರೀಟದೊಳಗಿಂದ ಮೇಲೆದ್ದ ತೋಳು ಸುತ್ತಿಗೆ ಹಿಡಿದಿರುವ ಚಿತ್ರವನ್ನೂ ‘ಲೆಜಿಟಿಮಸ್’ (ಅಸಲಿ) ಎಂಬ ಪದವನ್ನೂ ಕಂಪನಿ ತನ್ನ ಮುದ್ರೆಯಾಗಿ ಬಳಸಿತು. 1966ರಲ್ಲಿ ಕಾರ್ಖಾನೆ ಮುಚ್ಚಿದರೂ ಹೆಸರು ಬೇರೆಯವರ ಕೈಯಲ್ಲಿ ಮುಂದುವರಿದದ್ದರಿಂದ, ಕಾಲಿನ್ಸ್ ಎಂಬ ಹೆಸರೊಂದೇ ಹಳೆಯದೆನ್ನಲು ಸಾಕ್ಷಿಯಾಗದು.

ಕೆಲ್ಲಿ ಕಂಪನಿಯನ್ನು 1930ರಲ್ಲಿ ಅಮೆರಿಕನ್ ಫೋರ್ಕ್ ಅಂಡ್ ಹೋ ಕಂಪನಿ ಕೊಂಡಿತು. ಅದೇ ಕಂಪನಿ ಮೊದಲೇ ತನ್ನ ಸರಕಿಗೆ ಬಳಸುತ್ತಿದ್ದ ಟ್ರೂ ಟೆಂಪರ್ ಎಂಬ ಹೆಸರನ್ನು 1949ರಲ್ಲಿ ತನಗೂ ಇಟ್ಟುಕೊಂಡಿತು. ಆದ್ದರಿಂದ ಕೆಲ್ಲಿ ಮತ್ತು ಟ್ರೂ ಟೆಂಪರ್ ಎರಡೂ ಹೆಸರುಗಳು ಒಂದೇ ಕೊಡಲಿಯ ಮೇಲಿದ್ದರೆ ಅದು 1930ಕ್ಕಿಂತ ಹಿಂದಿನದಲ್ಲ. ಸ್ವೀಡನ್ ಎಂದು ಇಂಗ್ಲಿಷಿನಲ್ಲಿ ಒತ್ತಿದ್ದರೆ, ಆಮದು ಸರಕಿನ ಮೇಲೆ ದೇಶದ ಹೆಸರು ಇರಬೇಕೆಂದ 1890ರ ಅಮೆರಿಕನ್ ಸುಂಕದ ಕಾಯಿದೆಯ ನಂತರದ್ದಾಗಿರುವ ಸಾಧ್ಯತೆಯೇ ಹೆಚ್ಚು. ತೂಕದ ಅಂಕಿಯೂ ನೆರವಾಗುತ್ತದೆ: ಅಮೆರಿಕದವು ಪೌಂಡಿನಲ್ಲಿ, ಸ್ವೀಡನ್ನಿನವು ಸಾಮಾನ್ಯವಾಗಿ ಕಿಲೋದಲ್ಲಿ ಇರುತ್ತವೆ. ಮೂರೂವರೆ ಪೌಂಡ್ ಎಂದರೆ ಸುಮಾರು 1.6 ಕಿಲೋ.

ಮುದ್ರೆಯೇ ಇಲ್ಲದಿದ್ದರೆ ಲೋಹವನ್ನೇ ನೋಡಬೇಕು. ಹಿಂದಿನವರು ದುಬಾರಿ ಉಕ್ಕನ್ನು ಬಾಯಿಗಷ್ಟೇ ಬೆಸೆದು, ಉಳಿದ ಮೈಯನ್ನು ಮೆದು ಕಬ್ಬಿಣದಲ್ಲಿ ಮಾಡುತ್ತಿದ್ದರು. ಅಂಥ ಕೊಡಲಿಯನ್ನು ವಿನೆಗರಿನಿಂದ ತೆಗೆದಾಗ, ಬಾಯಿಯ ಉಕ್ಕು ಒಂದು ಬಣ್ಣಕ್ಕೂ ಮೈ ಮತ್ತೊಂದು ಬಣ್ಣಕ್ಕೂ ತಿರುಗಿ, ನಡುವೆ ಬೆಸುಗೆಯ ಗೆರೆ ಕಾಣುತ್ತದೆ. ನೂರಾರು ಸಲ ಹರಿತಗೊಂಡು ಆ ಉಕ್ಕು ಬಹುಪಾಲು ಸವೆದಿದ್ದರೆ, ಎಷ್ಟೇ ಅಗ್ಗವಾಗಿದ್ದರೂ ಕೆಲಸಕ್ಕೆಂದು ಕೊಳ್ಳಬೇಡಿ.

ಪ್ರಶ್ನೆ: ಸಾಣೆ ಯಂತ್ರಕ್ಕೆ ಕೊಟ್ಟಾಗ ನಮ್ಮ ಹಳೆಯ ಕೊಡಲಿಯ ಬಾಯಿಯ ಒಂದು ಮೂಲೆ ನೀಲಿಯಾಯಿತು. ಇದು ಬರೀ ಬಣ್ಣವೇ? ಮತ್ತೆ ಕುಲುಮೆಗೆ ಕೊಡಬೇಕೇ?
– ಓದುಗರೊಬ್ಬರು, ಶಿರಸಿ

ಉತ್ತರ: ಬರೀ ಬಣ್ಣವಲ್ಲ. ಉಕ್ಕು ಬಿಸಿಯಾದಂತೆ ಮೇಲೆ ತೆಳು ಪದರ ಬೆಳೆದು, ಸುಮಾರು 220 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ತಿಳಿ ಹಳದಿಯಾಗಿಯೂ 300ರ ಹತ್ತಿರ ನೀಲಿಯಾಗಿಯೂ ಕಾಣುತ್ತದೆ. ನೀಲಿ ಬಂದ ಕಡೆ ಬಾಯಿ ಮೆದುವಾಗಿದೆ, ಬೇಗ ಮಡಚಿಕೊಳ್ಳುತ್ತದೆ ಎಂದರ್ಥ. ಮರಳು ಕಾಗದದಿಂದ ಬಣ್ಣ ತೆಗೆದರೆ ಹದ ಹಿಂದಿರುಗುವುದಿಲ್ಲ. ಒಳ್ಳೆಯ ಅರದಿಂದ ಆ ಮೂಲೆಯನ್ನೂ ಬಾಯಿಯ ನಡುಭಾಗವನ್ನೂ ಉಜ್ಜಿ ಹೋಲಿಸಿ. ಮೂಲೆಯಲ್ಲಿ ಅರ ಸುಲಭವಾಗಿ ಕಚ್ಚಿದರೆ, ಮೆದು ಭಾಗ ಮುಗಿಯುವವರೆಗೆ ಅರದಲ್ಲೇ ನಿಧಾನವಾಗಿ ಸವೆಸಿ, ಬಾಯಿಯ ಬಾಗನ್ನು ಹೊಂದಿಸಿಕೊಳ್ಳಿ. ಕುಲುಮೆ ಕೊನೆಯ ದಾರಿ. ನಮ್ಮ ಕಮ್ಮಾರರು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ತಾವೇ ಬಡಿದ ಕೊಡಲಿಗೆ ಸೊಗಸಾಗಿ ಹದ ಕೊಡುತ್ತಾರೆ, ಏಕೆಂದರೆ ಆ ಉಕ್ಕು ಅವರ ಕೈಗೆ ಪರಿಚಿತ. ಯಾವ ಉಕ್ಕೆಂದು ತಿಳಿಯದ ಹಳೆಯ ಕೊಡಲಿಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಅದು ಸೀಳಿಹೋಗಬಹುದು. ಬಿಸಿಗೆ ಹದ ಕೆಡುವುದರಿಂದ, ತೂತಿನಲ್ಲಿ ಉಳಿದ ಕಾವಿನ ತುಂಡನ್ನೂ ಬೆಂಕಿಗೆ ಹಾಕಿ ಸುಡಬಾರದು; ಡ್ರಿಲ್ಲಿನಿಂದ ಕೊರೆದು, ಬಡಿದು ಹೊರಹಾಕಿ.

ಪ್ರಶ್ನೆ: ಹೊಸ ಕಾವಿಗೆ ಯಾವ ಮರ ಒಳ್ಳೆಯದು? ಬೇಸಿಗೆಯಲ್ಲಿ ಸಡಿಲವಾದರೆ ನೀರಿನಲ್ಲಿ ನೆನೆಸುವುದು ಸರಿಯೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಅಮೆರಿಕದವರಿಗೆ ಹಿಕರಿ ಇದ್ದಂತೆ ನಮಗೆ ದಿಂಡಿಗ ಮತ್ತು ತಡಸಲು ಇವೆ, ಎರಡೂ ಪೆಟ್ಟನ್ನು ತಾಳುವ ಮರಗಳು. ಮರದ ಜಾತಿಗಿಂತಲೂ ಎಳೆ ಮುಖ್ಯ: ಎಳೆಗಳು ಕಾವಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಡಿಯದೆ ಸಾಗಿರಬೇಕು, ಆದ್ದರಿಂದ ಗರಗಸದಲ್ಲಿ ಕೊಯ್ದ ತುಂಡಿಗಿಂತ ಸೀಳಿ ತೆಗೆದ ತುಂಡು ಮೇಲು. ಚೆನ್ನಾಗಿ ಒಣಗಿದ ಮರವನ್ನೇ ಬಳಸಿ. ನೀರಿನಲ್ಲಿ ನೆನೆಸಿದಾಗ ಮರ ಉಬ್ಬಿ ಕಬ್ಬಿಣಕ್ಕೆ ಒತ್ತಿಕೊಂಡು ಎಳೆಗಳು ನಜ್ಜಾಗುತ್ತವೆ. ಒಣಗಿದ ಮೇಲೆ ಕಾವು ಮೊದಲಿಗಿಂತ ಸಡಿಲವಾಗುತ್ತದೆ. ಅದರ ಬದಲು ಬೆಣೆಯನ್ನು ಇನ್ನಷ್ಟು ಬಡಿಯಿರಿ ಅಥವಾ ದಪ್ಪದ ಹೊಸ ಬೆಣೆ ಹಾಕಿ, ತುದಿಗೆ ಅಗಸೆ ಎಣ್ಣೆ ಕುಡಿಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯೇರಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಅದನ್ನು ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿಡಿ.